ಚರಂಡಿ ಯಾರದು, ತಾಯಿ ಯಾರ ತಾಯಿ?

1

1927ರಲ್ಲಿ ಈ ದೇಶದಲ್ಲಿ ಎರಡು ಪುಸ್ತಕಗಳ ಮೇಲೆ ಸಿಟ್ಟು ಎದ್ದಿತು. ಒಂದು, ಅಮೆರಿಕದ ಕ್ಯಾಥರೀನ್ ಮೇಯೊ ಬರೆದ 'ಮದರ್ ಇಂಡಿಯಾ'. ಇನ್ನೊಂದು, ಮನುಸ್ಮೃತಿ. ಮೊದಲನೆಯದರ ಮೇಲೆ ಸಿಟ್ಟಾದವರು ದೇಶದ ಮುಖಂಡರು, ಪತ್ರಿಕೆಯವರು, ಪಟ್ಟಣದ ವಿದ್ಯಾವಂತರು. ಎರಡನೆಯದರ ಮೇಲೆ ಸಿಟ್ಟಾದವರು ಆ ವರ್ಷ ಮಾರ್ಚ್‌ನಲ್ಲಿ ಮಹಾಡ್‌ನ ಚೌದಾರ್ ಕೆರೆಯ ನೀರು ಕುಡಿದು ಏಟು ತಿಂದಿದ್ದ ಅಸ್ಪೃಶ್ಯರು. ಅವರು ಡಿಸೆಂಬರ್ 25ರಂದು ಅದೇ ಮಹಾಡ್‌ನಲ್ಲಿ ಆ ಪುಸ್ತಕವನ್ನು ಬೆಂಕಿಗೆ ಹಾಕಿದರು.

ಎರಡೂ ಪುಸ್ತಕಗಳಲ್ಲಿ ಹೆಣ್ಣಿನ ಮಾತಿದೆ. ಹಿಂದೂ ಹೆಣ್ಣು ಹೇಗೆ ಬದುಕಿದ್ದಾಳೆ ಅಂತ ಮೇಯೊ ಬರೆದಳು. ಹೇಗೆ ಬದುಕಬೇಕು ಅಂತ ಮನು ಬರೆದಿದ್ದ. ಆದರೆ ದೇಶದ ಮಾನ ಹೋದದ್ದು ಮೊದಲನೆಯದರಿಂದ ಮಾತ್ರ. ಎರಡನೆಯದನ್ನು ಸುಟ್ಟವರೇ ದೇಶದ ಮಾನ ಕಳೆಯುವವರಾದರು.

ಈ ಎರಡು ಸಿಟ್ಟುಗಳನ್ನು ಒಟ್ಟಿಗೆ ಇಟ್ಟು ನೋಡುವ ರೂಢಿ ನಮ್ಮ ಚರಿತ್ರೆಕಾರರಲ್ಲಿ ಕಡಿಮೆ. ಒಂದು ರಾಷ್ಟ್ರೀಯ ಹೋರಾಟದ ಅಧ್ಯಾಯಕ್ಕೆ ಹೋಗುತ್ತದೆ, ಇನ್ನೊಂದು 'ದಲಿತರ ಸಮಸ್ಯೆ' ಅನ್ನುವ ಅಡಿಟಿಪ್ಪಣಿಗೆ. ಹೆಣ್ಣಿನ ಪ್ರಶ್ನೆಯೂ ರಾಷ್ಟ್ರದ ಪ್ರಶ್ನೆಯೂ ಎದುರುಬದುರಾದಾಗಲೆಲ್ಲ ನಮ್ಮ ಸಾರ್ವಜನಿಕ ಬದುಕು ಕೊಳ್ಳೋಕೆ ಒಂದು ಸೇರು, ಮಾರೋಕೆ ಒಂದು ಸೇರು ಇಟ್ಟುಕೊಂಡ ಶೆಟ್ಟರ ಅಂಗಡಿಯಾಗುತ್ತದೆ. ಆ ಎರಡು ಸೇರುಗಳನ್ನು ಅಳತೆ ಮಾಡಿಕೊಟ್ಟದ್ದು ಜಾತಿ. ಈ ಲೇಖನದ ಮಾತು ಇಷ್ಟೇ. ಇದನ್ನು ಕೆಲವು ಪಠ್ಯಗಳ, ಕೆಲವು ಘಟನೆಗಳ ಮೂಲಕ ನೋಡೋಣ.

2

ಮೇಯೊ ಪುಸ್ತಕಕ್ಕೆ ಬಂದ ಉತ್ತರಗಳಲ್ಲಿ ಇವತ್ತಿಗೂ ನೆನಪಿನಲ್ಲಿರುವುದು ಗಾಂಧೀಜಿಯವರದು. 1927ರ ಸೆಪ್ಟೆಂಬರ್‌ನಲ್ಲಿ 'ಯಂಗ್ ಇಂಡಿಯಾ'ದಲ್ಲಿ ಅವರು ಬರೆದ ವಿಮರ್ಶೆಯ ತಲೆಬರಹವೇ 'ಚರಂಡಿ ಇನ್‌ಸ್ಪೆಕ್ಟರ್ ವರದಿ' ಎಂಬ ಅರ್ಥದ್ದು. ಒಂದು ದೇಶವನ್ನು ನೋಡಲು ಬಂದವಳು ಅದರ ಚರಂಡಿಗಳನ್ನು ಮಾತ್ರ ತೆರೆದು ಮೂಸಿ ಹೋದಳು ಎಂಬುದು ಅವರ ಆಕ್ಷೇಪ. ಗಾಂಧಿಗೆ ಅನ್ಯಾಯ ಮಾಡಬಾರದು. ಭಾರತೀಯರು ಈ ಪುಸ್ತಕ ಓದಿದರೆ ಒಂದಿಷ್ಟು ಲಾಭವೇ ಉಂಟು ಅಂತಲೂ ಅವರು ಹೇಳಿದರು. ಅಮೆರಿಕದವರು, ಇಂಗ್ಲೆಂಡಿನವರು ಓದಬಾರದು ಅಂತಲೂ ಹೇಳಿದರು.

ಈ ವಿಂಗಡಣೆ ನಮಗೆ ಬಹಳ ಪರಿಚಿತವಾದದ್ದು. ಮನೆ ಮಾತು ಮನೆಯೊಳಗೇ ಇರಲಿ ಅಂತ ಹೇಳಿಸಿಕೊಂಡೇ ಈ ನಾಡಿನ ಹೆಣ್ಣುಮಕ್ಕಳು ಏಟು ತಿನ್ನುತ್ತಾ ಬಂದಿದ್ದಾರೆ. ಮನೆಗೆ ಇದ್ದ ನಿಯಮ ಇಲ್ಲಿ ದೇಶಕ್ಕೆ ಬಂದಿದೆ. ದೇಶವೂ ಒಂದು ಮನೆಯಾಗಿಬಿಟ್ಟಿದೆ. ಮನೆ ಅಂದಮೇಲೆ ಯಜಮಾನ ಇರಲೇಬೇಕು. ಹಿತ್ತಲೂ ಇರಬೇಕು. ಹಿತ್ತಲಿನ ಆಚೆ ಚರಂಡಿ, ಚರಂಡಿಯ ಆಚೆ ಕೇರಿ.

ಗಾಂಧಿಯ ರೂಪಕವನ್ನು ಕೇರಿಯಲ್ಲಿ ನಿಂತು ಓದಿದರೆ ಬೇರೆಯದೇ ಕೇಳಿಸುತ್ತದೆ. ಚರಂಡಿಯನ್ನು ಬಂದು ನೋಡುವುದು ಅವಮಾನವಾದರೆ, ಹುಟ್ಟಿದಾಗಿನಿಂದ ಚರಂಡಿಯೊಳಗೆ ಇಳಿದು ನಿಂತವರ ಬಗ್ಗೆ ಏನು ಹೇಳಬೇಕು? ಪಾಯಖಾನೆಯ ಮಲವನ್ನು ಬುಟ್ಟಿಗೆ ತುಂಬಿ, ತಲೆಮೇಲೆ ಹೊತ್ತು ನಡೆದವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಅವರ ಪಾಲಿಗೆ ಚರಂಡಿ ಭಾರತದ ಒಂದು ಸಣ್ಣ ಭಾಗವಲ್ಲ, ಭಾರತ ಅವರಿಗೆ ಕೊಟ್ಟ ಭಾಗವೇ ಅದು. ತನ್ನನ್ನು ತಾನು ಭಂಗಿ ಎಂದು ಕರೆದುಕೊಳ್ಳಬಲ್ಲ, ಸ್ವತಃ ಪಾಯಖಾನೆ ತೊಳೆಯಬಲ್ಲ ಮಹಾತ್ಮರಿಗೂ ಬೈಯ್ಯುವ ಹೊತ್ತಿಗೆ ನಾಲಿಗೆಗೆ ಬಂದ ಮಾತು ಚರಂಡಿಯದೇ. ಬೈಗುಳ ಎಲ್ಲಿಂದ ಬರುತ್ತದೆ ಅನ್ನುವುದನ್ನು ವಿಮರ್ಶೆ ಗಮನಿಸಬೇಕು.

ಹಾಗಂತ ಮೇಯೊ ನಮ್ಮ ಅಕ್ಕನೂ ಅಲ್ಲ, ತಂಗಿಯೂ ಅಲ್ಲ. ಎರಡು ವರ್ಷ ಮೊದಲು, 1925ರಲ್ಲಿ, ಫಿಲಿಪ್ಪೀನ್ಸ್ ಜನ ಸ್ವಾತಂತ್ರ್ಯಕ್ಕೆ ತಯಾರಿಲ್ಲ ಅಂತ ಇಂಥದೇ ಪುಸ್ತಕ ಬರೆದವಳು ಅವಳು. ಇಲ್ಲಿಯ ಹೆಣ್ಣಿನ ನೋವು ಅವಳಿಗೆ ಬಿಳಿಯರ ಆಳ್ವಿಕೆಯ ಪರ ಸಾಕ್ಷಿಯಾಗಿ ಬೇಕಿತ್ತು. ತನ್ನ ಸಾಕ್ಷಿಗಾಗಿ ನಮ್ಮ ನೋವನ್ನು ಎತ್ತಿಕೊಳ್ಳುವವರನ್ನೂ, ತನ್ನ ಮಾನಕ್ಕಾಗಿ ಅದನ್ನು ಮುಚ್ಚಿಡುವವರನ್ನೂ ದಲಿತ ಹೆಣ್ಣು ಒಂದೇ ಸಲ ಎದುರಿಸಬೇಕಾಗಿದೆ. ಆ ಗದ್ದಲದ ನಡುವೆಯೇ ಮಹಿಳಾ ಸಂಘಟನೆಗಳು ಪಟ್ಟು ಹಿಡಿದು ಒತ್ತಾಯಿಸಿ, 1929ರಲ್ಲಿ ಶಾರದಾ ಕಾಯ್ದೆ ಬಂದು, ಹುಡುಗಿಯರ ಮದುವೆಯ ವಯಸ್ಸು ಕನಿಷ್ಠ 14 ಆಯಿತು. ಪುಸ್ತಕವನ್ನು ಬೈದವರೆಲ್ಲ ಈ ಕಾಯ್ದೆಯ ಪರ ಇರಲಿಲ್ಲ. ಮೇಯೊ ಹೇಳಿದ್ದು ಸುಳ್ಳು ಅಂದವರಲ್ಲೇ ಹಲವರು, ಬಾಲ್ಯವಿವಾಹ ನಿಂತರೆ ಧರ್ಮವೇ ಹೋಯಿತು ಅಂದರು.

3

ಲಾಲಾ ಲಜಪತ್ ರಾಯ್ 1928ರಲ್ಲಿ 'ಅನ್‌ಹ್ಯಾಪಿ ಇಂಡಿಯಾ' ಎಂಬ ದಪ್ಪ ಪುಸ್ತಕವನ್ನೇ ಉತ್ತರವಾಗಿ ಬರೆದರು. ಅಮೆರಿಕದಲ್ಲಿ ಕರಿಯರನ್ನು ಗುಂಪು ಕಟ್ಟಿಕೊಂಡು ಕೊಲ್ಲುವುದನ್ನು, ಜೀವಂತ ಸುಡುವುದನ್ನು ಅದರಲ್ಲಿ ವಿವರವಾಗಿ ದಾಖಲಿಸಿದರು. ಅಲ್ಲಿಯ ಕರಿಯರು ಇಲ್ಲಿಯ ಪರಯರಿಗಿಂತ ಕೆಳಗಿದ್ದಾರೆ ಅಂತ ತೋರಿಸಲು ಒಂದು ಅಧ್ಯಾಯವೇ ಇದೆ. ಅವರು ಕೊಟ್ಟ ವಿವರ ಸುಳ್ಳಲ್ಲ. ಆದರೆ ಅದನ್ನು ಇಟ್ಟ ಜಾಗ ನೋಡಿ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ಎಲೆಯ ನೊಣ ತೋರಿಸಿದರು ಅನ್ನುವ ಗಾದೆಯೂ ಇಲ್ಲಿ ಸಾಲದು. ಯಾಕಂದ್ರೆ ಪಕ್ಕದ ಎಲೆಯಲ್ಲಿ ಬಿದ್ದದ್ದೂ ಹೆಗ್ಗಣವೇ. ಎರಡು ಎಲೆಯವರೂ ಒಬ್ಬರ ಹೆಗ್ಗಣ ಒಬ್ಬರು ತೋರಿಸುತ್ತಾ ಊಟ ಮುಂದುವರಿಸಿದರು ಅನ್ನುವುದೇ ಸಮಸ್ಯೆ.

ಇದೇ ಕರಿಯರ ನೋವನ್ನು ಅಂಬೇಡ್ಕರ್ ಬೇರೆ ರೀತಿ ಮುಟ್ಟಿದರು. 1946ರಲ್ಲಿ ಅವರು ಅಮೆರಿಕದ ಕರಿಯರ ಚಿಂತಕ ದು ಬೋಯಿಸ್‌ಗೆ ಪತ್ರ ಬರೆದು, ವಿಶ್ವಸಂಸ್ಥೆಗೆ ಕರಿಯರು ಕೊಟ್ಟ ಮನವಿಯ ಪ್ರತಿ ಕೇಳಿದರು. ಲಜಪತ್ ರಾಯ್ ಅವರಿಗೆ ಕರಿಯರು ಗುರಾಣಿ, ಅಂಬೇಡ್ಕರ್‌ಗೆ ನೆಂಟರು.

ಅದೇ 1946ರಲ್ಲಿ ಇನ್ನೊಂದು ನಡೆಯಿತು. ದಕ್ಷಿಣ ಆಫ್ರಿಕದಲ್ಲಿ ಭಾರತೀಯರನ್ನು ಹೀನಾಯವಾಗಿ ನಡೆಸಿಕೊಳ್ಳುತ್ತಿದ್ದಾರೆ ಅಂತ ಭಾರತ ವಿಶ್ವಸಂಸ್ಥೆಗೆ ದೂರು ಒಯ್ದಿತು. ವಿಜಯಲಕ್ಷ್ಮಿ ಪಂಡಿತ್ ಅಲ್ಲಿ ಭಾರತದ ನಿಯೋಗದ ಮುಂದಾಳು. ಇದು ನಮ್ಮ ದೇಶದ ಒಳಗಿನ ವಿಷಯ, ನಿಮಗೆ ಸಂಬಂಧವಿಲ್ಲ ಅಂತ ದಕ್ಷಿಣ ಆಫ್ರಿಕ ಸರ್ಕಾರ ವಾದಿಸಿತು. ಮನುಷ್ಯರ ಘನತೆ ಯಾರ ಒಳಗಿನ ವಿಷಯವೂ ಅಲ್ಲ ಎಂಬುದು ಭಾರತದ ನಿಲುವಾಗಿತ್ತು. ಇಡೀ ಜಗತ್ತು ಮೆಚ್ಚಿದ ನಿಲುವು ಅದು.

ಐವತ್ತೈದು ವರ್ಷಗಳ ನಂತರ, 2001ರಲ್ಲಿ, ಅದೇ ದಕ್ಷಿಣ ಆಫ್ರಿಕದ ಡರ್ಬನ್‌ನಲ್ಲಿ ವರ್ಣಭೇದದ ವಿರುದ್ಧ ವಿಶ್ವಸಮ್ಮೇಳನ ನಡೆಯಿತು. ಜಾತಿಯನ್ನೂ ಚರ್ಚೆಗೆ ಸೇರಿಸಿ ಅಂತ ದಲಿತ ಸಂಘಟನೆಗಳು ಕೇಳಿದವು. ಜಾತಿ ಜನಾಂಗವಲ್ಲ, ಅದು ನಮ್ಮ ಒಳಗಿನ ವಿಷಯ, ನಮ್ಮ ಸಂವಿಧಾನವೇ ನೋಡಿಕೊಳ್ಳುತ್ತದೆ ಅಂತ ಭಾರತ ಸರ್ಕಾರ ಅಡ್ಡ ನಿಂತಿತು. 1946ರಲ್ಲಿ ಬಿಳಿಯ ಸರ್ಕಾರ ಆಡಿದ ಮಾತು 2001ರಲ್ಲಿ ನಮ್ಮವರ ಬಾಯಲ್ಲಿ ಬಂತು. ಸಂವಿಧಾನ ಬರೆದವನ ಮಕ್ಕಳ ಬಾಯಿ ಮುಚ್ಚಿಸಲು ಸಂವಿಧಾನವನ್ನೇ ಮುಂದೆ ಹಿಡಿದದ್ದು ಇನ್ನೂ ವಿಚಿತ್ರ.

ಡರ್ಬನ್‌ಗೆ ಮೊದಲೇ, 1995ರಲ್ಲಿ ಬೀಜಿಂಗ್‌ನಲ್ಲಿ ವಿಶ್ವ ಮಹಿಳಾ ಸಮ್ಮೇಳನವಾದಾಗ ಬೆಂಗಳೂರಿನ ರೂತ್ ಮನೋರಮಾ ಮತ್ತಿತರರು ದಲಿತ ಹೆಣ್ಣಿನ ಪ್ರಶ್ನೆಯನ್ನು ಅಲ್ಲಿಗೆ ಒಯ್ದರು. ದಲಿತ ಮಹಿಳೆಯರ ರಾಷ್ಟ್ರೀಯ ಒಕ್ಕೂಟ ಹುಟ್ಟಿದ್ದೂ ಅದೇ ವರ್ಷ. 'ಭಾರತೀಯ ಮಹಿಳೆ' ಅನ್ನುವ ಒಂದೇ ಹೆಸರಿನೊಳಗೆ ಮನೆಯೊಡತಿಯೂ ಅವಳ ಪಾಯಖಾನೆ ತೊಳೆಯುವವಳೂ ಹಿಡಿಸುವುದಿಲ್ಲ ಅನ್ನುವ ಸರಳ ಮಾತು ಅದು. ಅಷ್ಟು ಸರಳ ಮಾತು ಆಡಲು ಅಷ್ಟು ದೂರ ಹೋಗಬೇಕಾಯಿತು. ಇಲ್ಲಿ ಕೇಳಿದ್ದರೆ ಅಷ್ಟು ದೂರ ಯಾಕೆ ಹೋಗ್ತಿದ್ರು?

4

ಮೇಯೊಗೆ ನಿಜವಾದ ಉತ್ತರ ಬಂದದ್ದು ಪುಸ್ತಕಗಳಿಂದಲ್ಲ, ಸಿನಿಮಾದಿಂದ. 1957ರಲ್ಲಿ ಮೆಹಬೂಬ್ ಖಾನ್ ಬೇಕೆಂದೇ ಅವಳ ಪುಸ್ತಕದ ಹೆಸರನ್ನೇ ಇಟ್ಟು 'ಮದರ್ ಇಂಡಿಯಾ' ತೆಗೆದರು. ಇದು ಭಾರತ ಆಸ್ಕರ್‌ಗೆ ಕಳಿಸಿದ ಮೊದಲ ಚಿತ್ರ. ನರ್ಗಿಸ್ ನೇಗಿಲು ಹೊತ್ತ ಚಿತ್ರ ಇವತ್ತಿಗೂ ನಮ್ಮ ಕಣ್ಣಲ್ಲಿದೆ. ದುಡಿಯುವ ಹೆಣ್ಣನ್ನು ದೇಶದ ತಾಯಿ ಮಾಡಿದ್ದು ದೊಡ್ಡ ಕೆಲಸವೇ.

ಆದರೆ ಕಥೆ ಎಲ್ಲಿ ಮುಗಿಯುತ್ತದೆ ನೋಡಬೇಕು. ಲೇವಾದೇವಿಯ ಸುಖಿಲಾಲ ರಾಧಾಳ ಭೂಮಿ ನುಂಗುತ್ತಾನೆ. ಮಕ್ಕಳು ಹಸಿದಾಗ ಅವಳ ಮೈಯನ್ನೂ ಕೇಳುತ್ತಾನೆ. ಆ ಹಸಿವಿನಲ್ಲೇ ಬೆಳೆದ ಮಗ ಬಿರ್ಜು ಡಕಾಯಿತನಾಗಿ ಸುಖಿಲಾಲನನ್ನು ಕೊಂದು, ಅವನ ಮಗಳನ್ನು ಎತ್ತಿಕೊಂಡು ಹೋಗಲು ಬರುತ್ತಾನೆ. ಊರಿನ ಮಾನ ಉಳಿಸಲು ರಾಧಾ ತನ್ನ ಮಗನನ್ನೇ ಗುಂಡಿಟ್ಟು ಕೊಲ್ಲುತ್ತಾಳೆ. ಹೆಣ್ಣನ್ನು ಎತ್ತಿಕೊಂಡು ಹೋಗುವವನನ್ನು ತಡೆಯಬೇಕಾದದ್ದೇ. ಅದರಲ್ಲಿ ಎರಡು ಮಾತಿಲ್ಲ. ನನ್ನ ಪ್ರಶ್ನೆ ಬೇರೆ. ರಾಧಾಳ ಮೈ ಕೇಳಿದಾಗ ಊರಿನ ಮಾನ ಎಲ್ಲಿತ್ತು? ಸಾಹುಕಾರನ ಮಗಳ ಮಾನ ಊರಿನ ಮಾನವಾಯಿತು, ಬಡವಿಯ ಮಾನ ಅವಳ ಸ್ವಂತ ಕಷ್ಟವಾಗಿ ಉಳಿಯಿತು. ಊರಾಚೆಯ ಹುಡುಗಿಯನ್ನು ಸಾಹುಕಾರನ ಮಗ ಎಳೆದುಕೊಂಡು ಹೋಗಿದ್ದರೆ ಯಾವ ತಾಯಿ ಬಂದೂಕು ಎತ್ತುತ್ತಿದ್ದಳು? ಅಂಥ ಸಿನಿಮಾ ಆಸ್ಕರ್‌ಗೆ ಹೋಗುತ್ತಿತ್ತೇ? ರಾಧಾ ಕಾಲುವೆ ಉದ್ಘಾಟಿಸುವಾಗ ಅದರ ನೀರಿನಲ್ಲಿ ಮಗನ ರಕ್ತ ಕಾಣುತ್ತದೆ. ಕಾಲುವೆ ದೇಶದ್ದಾಯಿತು, ರಕ್ತ ಬಡವರದು.

ಇದರ ಪಕ್ಕದಲ್ಲಿ ದೇವನೂರರ 'ಒಡಲಾಳ'ದ ಸಾಕವ್ವನನ್ನು ಇಟ್ಟು ನೋಡಿ. ಅವಳು ಹುಡುಕುತ್ತಿರುವುದು ಕಳೆದುಹೋದ ಒಂದು ಹುಂಜವನ್ನು. ಹುಂಜ ಕಳಕೊಂಡವಳ ಮನೆಗೆ ಪೊಲೀಸು ಬರುವುದು ಹುಂಜ ಹುಡುಕಿಕೊಡಲಿಕ್ಕಲ್ಲ, ಸಾಹುಕಾರನ ಕಡ್ಲೆಕಾಯಿ ಹುಡುಕಲಿಕ್ಕೆ. ಪ್ರಭುತ್ವ ಎಂಬುದು ಆ ಹಟ್ಟಿಗೆ ಕಾಣಿಸಿಕೊಳ್ಳುವ ರೂಪವೇ ಅದು. ಸಾಕವ್ವನನ್ನು ಯಾರೂ ದೇಶದ ತಾಯಿ ಅನ್ನಲಿಲ್ಲ. ಅವಳಿಗೆ ಅದು ಬೇಕಾಗಿಯೂ ಇರಲಿಲ್ಲ. ಊರಿಗೊಂದು ಮಾನ ಇದೆ, ಅದನ್ನು ತಾನು ಕಾಯಬೇಕು ಅನ್ನುವ ಹೊರೆ ಆ ಕೃತಿಯಲ್ಲಿ ಅವಳ ಮೇಲಿಲ್ಲ. ಹಾಗಾಗಿಯೇ ಅವಳು ಮನುಷ್ಯಳಾಗಿ ಉಳಿದಿದ್ದಾಳೆ: ಬೈಯ್ಯುತ್ತಾಳೆ, ಹಟ ಮಾಡುತ್ತಾಳೆ. ನಮ್ಮ ವಿಮರ್ಶೆ ಸಾಕವ್ವನನ್ನು 'ದಲಿತ ಲೋಕದ ಮಾತೃಶಕ್ತಿ' ಎಂದೆಲ್ಲ ಹೊಗಳುವಾಗ ಅವಳಿಗೂ ನರ್ಗಿಸ್‌ಳ ನೇಗಿಲನ್ನೇ ಹೊರಿಸುತ್ತಿಲ್ಲವೇ ಎಂದು ಕೇಳಿಕೊಳ್ಳಬೇಕು.

5

ದೇಶಮಾತೆಯ ಮಾತಾಯಿತು. ಕನ್ನಡ ತಾಯಿಯ ಮಾತೇನು?

1973ರಲ್ಲಿ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಅಂದರು. ಆಮೇಲೆ ನಡೆದದ್ದು ಎಲ್ಲರಿಗೂ ಗೊತ್ತು. ಮೆರವಣಿಗೆ, ಗಲಾಟೆ, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆ, ಕಡೆಗೆ ಮಂತ್ರಿಯ ರಾಜೀನಾಮೆ. ಕನ್ನಡ ತಾಯಿಗೆ ಅವಮಾನವಾಯಿತು ಅಂತ ಬೀದಿಗೆ ಬಂದವರು ಒಂದು ಸಂಗತಿ ಮರೆತಿದ್ದರು. ಪೌರಾಡಳಿತ ಸಚಿವರಾಗಿ ತಲೆಮೇಲೆ ಮಲ ಹೊರುವ ಪದ್ಧತಿಯನ್ನು ಈ ರಾಜ್ಯದಲ್ಲಿ ನಿಷೇಧಿಸಿದವರು ಇದೇ ಬಸವಲಿಂಗಪ್ಪ. ಕನ್ನಡ ಮಾತಾಡುವ ಸಾವಿರಾರು ತಾಯಂದಿರ ತಲೆಯಿಂದ ಮಲದ ಬುಟ್ಟಿ ಇಳಿಸಲು ಹೊರಟವನು ಕನ್ನಡ ತಾಯಿಯ ವೈರಿಯಾದ. ಬುಟ್ಟಿ ಹೊರಿಸಿದವರು ಭಕ್ತರಾಗಿ ಉಳಿದರು.

ಹದಿಮೂರು ವರ್ಷ ಕಳೆದು, 1986ರ ಮಾರ್ಚ್‌ನಲ್ಲಿ, ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ಬೆತ್ತಲೆ ಸೇವೆ ತಡೆಯಲು ಹೋದ ಕಾರ್ಯಕರ್ತರನ್ನೂ ಪೊಲೀಸರನ್ನೂ ಬಟ್ಟೆ ಬಿಚ್ಚಿಸಿ ಹೊಡೆದರು. ಮಹಿಳಾ ಪೊಲೀಸರನ್ನೂ ಬಿಡಲಿಲ್ಲ. ಹೊಳೆಯಲ್ಲಿ ಮುಳುಗಿ ಬೆತ್ತಲೆ ಗುಡಿಗೆ ನಡೆಯುತ್ತಿದ್ದವರಲ್ಲಿ ದಲಿತ ಮತ್ತು ಹಿಂದುಳಿದ ಜಾತಿಗಳ ಹೆಣ್ಣುಮಕ್ಕಳೇ ಹೆಚ್ಚು. ಆಮೇಲೆ ಸರ್ಕಾರ ಅದನ್ನು ನಿಷೇಧಿಸಿತು. ನಮ್ಮ ಪ್ರಶ್ನೆ ನಿಷೇಧದ್ದಲ್ಲ, ಮೆರವಣಿಗೆಯದು. ಒಂದು ಪದಕ್ಕೆ ನಾಡಿನ ಊರೂರಲ್ಲಿ ಬೀದಿಗೆ ಬಂದವರು ಚಂದ್ರಗುತ್ತಿಗೆ ಯಾಕೆ ಬರಲಿಲ್ಲ? ಅಲ್ಲಿ ಬೆತ್ತಲೆ ನಡೆದವರು ಕನ್ನಡತಿಯರೇ ತಾನೆ? 'ಅದು ಅವರ ನಂಬಿಕೆ, ಅವರ ಪದ್ಧತಿ, ನಾವ್ಯಾಕೆ ಅಡ್ಡ ಬರಬೇಕು' ಅಂದರು ಕೆಲವು ಪಂಡಿತರು. ಸಂಸ್ಕೃತಿ ಅನ್ನುವ ಗೌರವದ ಹೆಸರು ಕೇರಿಯ ಹೆಣ್ಣಿಗೆ ಸಿಗುವುದು ಅವಳು ಬೆತ್ತಲೆಯಾದಾಗ ಮಾತ್ರ. ಬಟ್ಟೆ ಉಟ್ಟು, ಚಪ್ಪಲಿ ಮೆಟ್ಟಿ, ಊರ ನಡುವೆ ನಡೆದರೆ ಅದು ಸಂಸ್ಕೃತಿಗೆ ಧಕ್ಕೆ.

6

ಈ ಎರಡು ಸೇರು ಸಾಹಿತ್ಯ, ಸಿನಿಮಾ, ಮೆರವಣಿಗೆಗಳಲ್ಲಿ ಮಾತ್ರ ಇದ್ದಿದ್ದರೆ ನಾವು ವಾದ ಮಾಡಿ ಸುಮ್ಮನಾಗಬಹುದಿತ್ತು. ನ್ಯಾಯದ ಮನೆಯಲ್ಲೂ ಅದೇ ಅಳತೆ.

1972ರಲ್ಲಿ ಮಹಾರಾಷ್ಟ್ರದ ಪೊಲೀಸ್ ಠಾಣೆಯೊಂದರಲ್ಲಿ ಆದಿವಾಸಿ ಹುಡುಗಿಯೊಬ್ಬಳ ಮೇಲೆ ಅತ್ಯಾಚಾರವಾಯಿತು. ಮಥುರಾ ಪ್ರಕರಣ ಅಂತ ಅದು ಹೆಸರಾಯಿತು. ಸುಪ್ರೀಂ ಕೋರ್ಟು ಪೊಲೀಸರನ್ನು ಖುಲಾಸೆ ಮಾಡಿತು. 1979ರಲ್ಲಿ ನಾಲ್ವರು ಕಾನೂನು ಪ್ರಾಧ್ಯಾಪಕರು ಬಹಿರಂಗ ಪತ್ರ ಬರೆದರು, ಚಳವಳಿ ಹುಟ್ಟಿತು, 1983ರಲ್ಲಿ ಅತ್ಯಾಚಾರದ ಕಾನೂನು ತಿದ್ದುಪಡಿಯಾಯಿತು. 1992ರಲ್ಲಿ ರಾಜಸ್ಥಾನದಲ್ಲಿ ಬಾಲ್ಯವಿವಾಹ ತಡೆಯಲು ಹೋದ ಕುಂಬಾರ ಜಾತಿಯ ಭಂವರಿ ದೇವಿಯ ಮೇಲೆ ಮೇಲ್ಜಾತಿಯವರು ಎರಗಿದರು. 1995ರಲ್ಲಿ ಕೆಳ ಕೋರ್ಟು ಅವರನ್ನು ಅತ್ಯಾಚಾರದ ಆರೋಪದಿಂದ ಬಿಟ್ಟಿತು. ಅವಳ ಪ್ರಕರಣದ ಬೆನ್ನಿಗೇ 1997ರಲ್ಲಿ ವಿಶಾಖಾ ತೀರ್ಪು ಬಂದು, ಕಚೇರಿಗಳಲ್ಲಿ ದುಡಿಯುವ ಹೆಣ್ಣುಮಕ್ಕಳಿಗೆ ಲೈಂಗಿಕ ಕಿರುಕುಳದಿಂದ ರಕ್ಷಣೆ ಸಿಕ್ಕಿತು. ಗಮನಿಸಿ, ಶಾರದಾ ಕಾಯ್ದೆ ಬಂದು ಅರವತ್ತು ವರ್ಷ ದಾಟಿದ ಮೇಲೆ, ಅದೇ ಬಾಲ್ಯವಿವಾಹವನ್ನು ತಡೆಯಹೋಗಿ ಅವಳು ಈ ಬೆಲೆ ತೆತ್ತಳು. ದೇಶದ ಹೆಣ್ಣುಮಕ್ಕಳಿಗೆಲ್ಲ ಕಾನೂನು ತಂದುಕೊಟ್ಟವರು ಇವರಿಬ್ಬರು. ಇಬ್ಬರಿಗೂ ನ್ಯಾಯ ಸಿಗಲಿಲ್ಲ.

2006ರ ಸೆಪ್ಟೆಂಬರ್‌ನಲ್ಲಿ ಖೈರ್ಲಾಂಜಿಯಲ್ಲಿ ದಲಿತ ತಾಯಿ, ಮಗಳು, ಇಬ್ಬರು ಗಂಡುಮಕ್ಕಳನ್ನು ಊರವರೇ ಸೇರಿ ಕೊಂದರು. ಕೋರ್ಟು ಕೊಲೆಗೆ ಶಿಕ್ಷೆ ಕೊಟ್ಟಿತು. ದೌರ್ಜನ್ಯ ತಡೆ ಕಾಯ್ದೆಯನ್ನು ಮಾತ್ರ ಅನ್ವಯಿಸಲಿಲ್ಲ, ಅದು ಸೇಡಿನ ಕೊಲೆ ಅಂದಿತು. ಜಾತಿ ಅಲ್ಲಿಂದ ಹಾಗೇ ಎದ್ದು ಹೋಯಿತು. 2012ರ ಡಿಸೆಂಬರ್‌ನಲ್ಲಿ ದೆಹಲಿಯ ಬಸ್ಸಿನಲ್ಲಿ ನಡೆದ ಕ್ರೌರ್ಯಕ್ಕೆ ದೇಶವೇ ಬೀದಿಗೆ ಬಂತು. ಬರಬೇಕಾಗಿತ್ತು, ಬಂದದ್ದು ಸರಿ. ಅವಳನ್ನು ದೇಶದ ಮಗಳು ಅಂದರು. ಆದರೆ 2015ರಲ್ಲಿ ಇದೇ ಹೆಸರಿನ ಬಿಬಿಸಿ ಸಾಕ್ಷ್ಯಚಿತ್ರ ಬಂದಾಗ, ಇದು ಭಾರತದ ಮಾನ ಕಳೆಯುವ ಸಂಚು ಎಂಬ ಮಾತು ಸಂಸತ್ತಿನಲ್ಲೇ ಕೇಳಿಬಂತು, ಚಿತ್ರ ನಿಷೇಧವಾಯಿತು. ಮೇಯೊ ಮತ್ತೆ ಬಂದಳು, ಚರಂಡಿ ಇನ್‌ಸ್ಪೆಕ್ಟರೂ ಮತ್ತೆ ಬಂದ.

2020ರ ಸೆಪ್ಟೆಂಬರ್‌ನಲ್ಲಿ ಹಾಥರಸ್‌ನ ದಲಿತ ಹುಡುಗಿ ಸತ್ತಳು. ಮನೆಯವರ ಮಾತನ್ನೂ ಕೇಳದೆ ಪೊಲೀಸರು ನಡುರಾತ್ರಿ ಕಳೆದ ಮೇಲೆ ಹೆಣ ಸುಟ್ಟರು. ಪ್ರತಿಭಟನೆ ಎದ್ದಾಗ ಉತ್ತರ ಪ್ರದೇಶದ ಪೊಲೀಸರು ಅಂತಾರಾಷ್ಟ್ರೀಯ ಸಂಚು ಅಂತ ಮೊಕದ್ದಮೆ ಹೂಡಿದರು. ವರದಿ ಮಾಡಲು ಹೊರಟಿದ್ದ ಕೇರಳದ ಪತ್ರಕರ್ತನನ್ನು ಜೈಲಿಗೆ ಹಾಕಿದರು. 2023ರ ಮಾರ್ಚ್‌ನಲ್ಲಿ ತೀರ್ಪು ಬಂತು: ನಾಲ್ವರಲ್ಲಿ ಮೂವರು ಖುಲಾಸೆ, ಒಬ್ಬನಿಗೆ ಶಿಕ್ಷೆ, ಅದೂ ಅತ್ಯಾಚಾರಕ್ಕಲ್ಲ. ಇವಳನ್ನು ದೇಶದ ಮಗಳು ಅನ್ನಲಿಕ್ಕೆ ಹೆಚ್ಚು ಜನ ಸಿಗಲಿಲ್ಲ. ದೇಶದ ವಿರುದ್ಧದ ಸಂಚಿಗೆ ನೆಪ ಅಂದವರು ಬೇಕಾದಷ್ಟು ಜನ. ಒಂದು ಹೆಣ್ಣಿನ ಸಾವು ದೇಶದ ದುಃಖ, ಇನ್ನೊಂದು ಹೆಣ್ಣಿನ ಸಾವು ದೇಶಕ್ಕೆ ಬಂದ ಕಂಟಕ.

7

ಇಷ್ಟು ಹೇಳಿ ಮುಗಿಸಿದರೆ ನಾವೂ ಲಜಪತ್ ರಾಯ್ ಅವರ ಹಾಗೇ ಆಗುತ್ತೇವೆ. ನಮ್ಮ ಎಲೆಯನ್ನೂ ನೋಡಿಕೊಳ್ಳಬೇಕು.

1927ರ ಮಹಾಡ್‌ನಲ್ಲಿ ಅಂಬೇಡ್ಕರ್ ಹೆಂಗಸರನ್ನೇ ಉದ್ದೇಶಿಸಿ ಮಾತಾಡಿದರು. ಅಸ್ಪೃಶ್ಯರೆಂದು ಗುರುತು ಹಿಡಿಸುವ ಉಡುಗೆ, ಭಾರದ ಒಡವೆ ಬಿಡಿ, ಮೇಲ್ಜಾತಿಯ ಹೆಂಗಸರ ಹಾಗೆ ಸೀರೆ ಉಡಿ ಅಂದರು. ಕುಡಿದು ಬಂದ ಗಂಡನಿಗೂ ಮಗನಿಗೂ ಊಟ ಹಾಕಬೇಡಿ, ಮಕ್ಕಳನ್ನು ಶಾಲೆಗೆ ಕಳಿಸಿ ಅಂತಲೂ ಅಂದರು. ಹೆಂಗಸರು ಸೀರೆಯ ಮಾತನ್ನು ಆವತ್ತೇ ನಡೆಸಿದರು. ಗಂಡಸರ ಪಾಲಿನ ಮಾತು, ಕುಡಿತದ ಮಾತು, ಇಷ್ಟು ವರ್ಷಗಳಲ್ಲಿ ಎಷ್ಟು ನಡೆದಿದೆ? ಸಮುದಾಯದ ಮಾನ ಹೆಣ್ಣಿನ ಸೆರಗಿಗೆ ಕಟ್ಟಿಕೊಂಡಿತು, ಗಂಡಿನ ಬಾಟಲಿಗೆ ಕಟ್ಟಿಕೊಳ್ಳಲಿಲ್ಲ. ಅಂಬೇಡ್ಕರ್ 1951ರಲ್ಲಿ ಮಂತ್ರಿ ಪದವಿ ಬಿಟ್ಟದ್ದಕ್ಕೆ ಮುಖ್ಯ ಕಾರಣಗಳಲ್ಲಿ ಒಂದು ಹಿಂದೂ ಸಂಹಿತೆ ಮಸೂದೆ. ಹೆಣ್ಣಿನ ಆಸ್ತಿ, ವಿಚ್ಛೇದನದ ಹಕ್ಕಿಗಾಗಿ ಕುರ್ಚಿ ಬಿಟ್ಟ ನಾಯಕನ ಫೋಟೋ ಇಟ್ಟುಕೊಂಡು ನಡೆಯುವ ನಮ್ಮ ಸಭೆಗಳಲ್ಲಿ ಹೆಣ್ಣುಮಕ್ಕಳು ಎಲ್ಲಿ ಕೂತಿರುತ್ತಾರೆ? ಹೆಚ್ಚಾಗಿ ಸ್ವಾಗತಗೀತೆಯ ಸಾಲಿನಲ್ಲಿ.

ನಮ್ಮ ಸಂಘಟನೆಯವನೇ ಒಬ್ಬ ಹೆಂಡತಿಗೆ ಹೊಡೆದ ಅಂದಾಗ 'ಈಗ ಬೇಡವ್ವಾ, ಮೇಲ್ಜಾತಿಯವರು ನೋಡಿ ನಗ್ತಾರೆ, ಚಳವಳಿಗೆ ಕೆಟ್ಟ ಹೆಸರು' ಅನ್ನುತ್ತಾರೆ. ಈ ಮಾತಿಗೂ ಡರ್ಬನ್‌ನಲ್ಲಿ ಸರ್ಕಾರ ಆಡಿದ ಮಾತಿಗೂ ವ್ಯತ್ಯಾಸ ಏನು? ಅದೇ ಮನೆ, ಅದೇ ಗುಟ್ಟು, ಅದೇ ಯಜಮಾನ. ದಲಿತ ಹೆಂಗಸರು ಬೇರೆಯಾಗಿ ಯಾಕೆ ಮಾತಾಡಬೇಕಾಯಿತು ಅಂತ ಗೋಪಾಲ್ ಗುರು 1995ರಲ್ಲೇ ಬರೆದಿದ್ದರು. ಮೇಲ್ಜಾತಿಯ ಮಹಿಳಾ ಚಳವಳಿ ಜಾತಿಯನ್ನು ಬಿಟ್ಟು ಮಾತಾಡುತ್ತದೆ, ದಲಿತ ಗಂಡಸರು ಹೆಣ್ಣನ್ನು ಬಿಟ್ಟು ಮಾತಾಡುತ್ತಾರೆ. ಇಬ್ಬರೂ ಬಿಟ್ಟದ್ದನ್ನು ಸೇರಿಸಿದರೆ ಉಳಿಯುವವಳು ಅವಳೇ.

ದಲಿತ ವಿಮರ್ಶೆ ಇಷ್ಟು ದಿನ ಪಠ್ಯಗಳನ್ನು ಜಾತಿಯ ತಕ್ಕಡಿಯಲ್ಲಿ ತೂಗಿದೆ. ಅದು ಬೇಕಾದದ್ದೇ, ಇನ್ನೂ ಬೇಕು. ಅದರ ಜೊತೆಗೆ ಇನ್ನೊಂದು ಕೆಲಸವಿದೆ. 'ನಮ್ಮ ತಾಯಿ', 'ನಮ್ಮ ಸಂಸ್ಕೃತಿ', 'ನಮ್ಮ ಮಾನ' ಎಂಬ ಮಾತು ಎಲ್ಲೇ ಬರಲಿ, ಸಂಸತ್ತಿನಲ್ಲಾಗಲಿ, ಕಾದಂಬರಿಯಲ್ಲಾಗಲಿ, ನಮ್ಮದೇ ಕರಪತ್ರದಲ್ಲಾಗಲಿ, ಆ 'ನಮ್ಮ' ಎಂಬುದರೊಳಗೆ ಯಾರ್ಯಾರು ಇದ್ದಾರೆ, ಆ ಮಾತಿನಿಂದ ಯಾರ ಬಾಯಿ ಮುಚ್ಚಿತು ಎಂದು ಕೇಳುವ ಕೆಲಸ. ಈ ವಿಶೇಷಾಂಕ ಓದುವ ಗೆಳೆಯರು, ಅದರಲ್ಲೂ ಇನ್ನೂ ಓದುತ್ತಿರುವ ಹುಡುಗ ಹುಡುಗಿಯರು, ಈ ಕೇಳುವಿಕೆಯನ್ನು ತಮ್ಮ ಮನೆಯಿಂದ, ತಮ್ಮ ಹಾಸ್ಟೆಲ್ಲಿನಿಂದ, ತಮ್ಮ ಸಂಘಟನೆಯ ಮುಂದಿನ ಸಭೆಯಿಂದ ಶುರು ಮಾಡಬೇಕು.

ಮಲ ಹೊರುವುದನ್ನು ನಿಷೇಧಿಸಿ 1993ರಲ್ಲಿ ಒಂದು ಕಾಯ್ದೆ ಬಂತು, 2013ರಲ್ಲಿ ಇನ್ನೊಂದು ಬಂತು. ಗುಂಡಿಗೆ ಇಳಿದವರು ಇನ್ನೂ ಹೆಣವಾಗಿ ಮೇಲೆ ಬರುತ್ತಿದ್ದಾರೆ. ಹೆಣ ಬಂದ ಮನೆಯಲ್ಲಿ ಒಬ್ಬ ಹೆಂಡತಿ, ಒಬ್ಬ ತಾಯಿ ಇರುತ್ತಾಳೆ. ಅವರು ಮಾತಾಡಲು ಶುರು ಮಾಡಿದಾಗ ದೇಶದ ಮಾನ ಹೋಗುತ್ತದೆ ಅಂತ ಯಾರಾದರೂ ಅಂದರೆ, ಹೋಗಲಿ ಬಿಡಿ ಅನ್ನೋಣ. ಮೊದಲು ಅವರ ಮಾತು ಪೂರ್ತಿ ಆಗಲಿ.